ಸ್ವೀಕಾರ, ಕ್ಷಮೆ ಮತ್ತು ಮೂರನೆಯ ವ್ಯಕ್ತಿ: ಪದವಿ ತರಗತಿಯ ಆಪ್ತಸಮಾಲೋಚನಾ ಪಾಠದ ಒಂದು ದೈವಶಾಸ್ತ್ರೀಯ ವಿಮರ್ಶೆ

ದೈವಶಾಸ್ತ್ರದ ತರಗತಿಗೆ ಬರುವ ಗುರು ಅಭ್ಯರ್ಥಿಗಳಲ್ಲಿ ಅನೇಕರು ಇಂದು ಒಂದು ಪದವಿಯನ್ನು ಮುಗಿಸಿಕೊಂಡೇ ಬರುತ್ತಾರೆ. ಮನಃಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಮುಖ್ಯ ವಿಷಯವಾಗಿ ಅಭ್ಯಾಸ ಮಾಡಿದವರು ಅವರಲ್ಲಿದ್ದಾರೆ. ಅಮೆರಿಕದ ಕಾಲೇಜುಗಳು ಈ ಎರಡು ಶಾಸ್ತ್ರಗಳ ಅಂಶಗಳನ್ನು ಒಂದುಗೂಡಿಸಿ 'ಹ್ಯೂಮನ್ ಸರ್ವಿಸಸ್', ಅಂದರೆ ಮಾನವ ಸೇವೆ, ಎಂಬ ಹೆಸರಿನ ಪದವಿಯನ್ನೇ ರೂಪಿಸಿವೆ. ಹೆಸರು ಯಾವುದಿದ್ದರೂ ಇವೆಲ್ಲದರ ನಡುವೆ ಒಂದು ಸಮಾನ ಪಾಠವಿದೆ. ನೊಂದು ಬಂದವರ ಎದುರು ಕುಳಿತು ಅವರ ಮಾತನ್ನು ಕೇಳುವುದು ಹೇಗೆ ಎಂಬುದೇ ಆ ಪಾಠ. ತೀರ್ಪು ನೀಡಬಾರದು, ಉಪದೇಶಕ್ಕೆ ಆತುರಪಡಬಾರದು, ಎದುರಿಗಿರುವವರನ್ನು ಅವರಿರುವಂತೆಯೇ ಸ್ವೀಕರಿಸಬೇಕು ಎಂದು ಅದು ಕಲಿಸುತ್ತದೆ. ಆ ವಿದ್ಯಾರ್ಥಿಗಳು ಮುಂದೆ ಪಾಲನಾ ಸೇವೆಯ ಕುರಿತು ಬರೆಯುವ ಪ್ರಬಂಧಗಳಲ್ಲಿ ಈ ಭಾಷೆ ಸಹಜವಾಗಿಯೇ ಹರಿದುಬರುತ್ತದೆ. ಸಂಧಾನ ಸಂಸ್ಕಾರವನ್ನು ವಿವರಿಸುವಾಗಲೂ 'ಸ್ವೀಕಾರ' ಎಂಬ ಪದವು 'ಕ್ಷಮೆ' ಎಂಬ ಪದದ ಸ್ಥಾನವನ್ನು ಸದ್ದಿಲ್ಲದೆ ಆಕ್ರಮಿಸುತ್ತದೆ.

ಈ ಪದಪಲ್ಲಟ ಕೇವಲ ಶೈಲಿಗೆ ಸಂಬಂಧಿಸಿದ್ದಲ್ಲ. ಸ್ವೀಕಾರ ಮತ್ತು ಕ್ಷಮೆ ಎರಡೂ ಮನುಷ್ಯನಿಗೆ ಅಗತ್ಯ, ಆದರೆ ಅವು ಒಂದೇ ಅಲ್ಲ. ಇವುಗಳ ನಡುವಣ ವ್ಯತ್ಯಾಸವನ್ನು ಅರಿಯದ ಗುರುವಿನಿಂದ ತೊಂದರೆಗೊಳಗಾಗುವವರು ಅವರ ಎದುರಿಗೆ ಕುಳಿತವರಷ್ಟೇ ಅಲ್ಲ; ಆ ಕೋಣೆಯೊಳಗೆ ಬಾರದೇ ಉಳಿದವರೂ ಹೌದು. ಈ ಲೇಖನದ ವಾದ ಇಷ್ಟೇ. ಇದನ್ನು ವಿಶದಪಡಿಸಲು ಆ ಪಾಠದ ಮೂಲವಾದ ಕಾರ್ಲ್ ರೋಜರ್ಸ್ ಅವರ ಚಿಂತನೆಯನ್ನು ಪರಿಶೀಲಿಸುವುದು ಉಚಿತ.

ರೋಜರ್ಸ್ ಅವರ ಪ್ರಮೇಯ

ಕಾರ್ಲ್ ರೋಜರ್ಸ್ (1902–1987) ಶಿಕಾಗೊ ಸಮೀಪದ ಓಕ್ ಪಾರ್ಕ್‌ನಲ್ಲಿ, ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕುಟುಂಬವೊಂದರಲ್ಲಿ ಜನಿಸಿದರು. 1922ರಲ್ಲಿ ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟದ ಸಮಾವೇಶಕ್ಕಾಗಿ ಚೀನಾಕ್ಕೆ ಹೋದ ಯುವಕರಲ್ಲಿ ಅವರೂ ಒಬ್ಬರು. ದೇವಸೇವೆಯ ಹಂಬಲದಿಂದ 1924ರಲ್ಲಿ ನ್ಯೂಯಾರ್ಕಿನ ಯೂನಿಯನ್ ದೈವಶಾಸ್ತ್ರ ವಿದ್ಯಾಲಯವನ್ನು ಸೇರಿದರು. ಎರಡು ವರ್ಷಗಳ ತರುವಾಯ ಅದನ್ನು ತೊರೆದು, ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಮನಃಶಾಸ್ತ್ರದ ಅಧ್ಯಯನಕ್ಕೆ ತೊಡಗಿದರು. ಬಳಿಕ ಸುಮಾರು 12 ವರ್ಷ ರೋಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ದುಡಿದರು. ಅಂದರೆ ಇಂದು ನಮ್ಮ ಅಭ್ಯರ್ಥಿಗಳು ಮನಃಶಾಸ್ತ್ರದಿಂದ ದೈವಶಾಸ್ತ್ರಕ್ಕೆ ಬರುವ ದಾರಿಯನ್ನು ರೋಜರ್ಸ್ ವಿರುದ್ಧ ದಿಕ್ಕಿನಲ್ಲಿ ನಡೆದವರು. ಈ ಹಿನ್ನೆಲೆಯನ್ನು ಮರೆತು ಅವರನ್ನು ಓದಬಾರದು. ಮನುಷ್ಯನಿಗೆ ಷರತ್ತಿಲ್ಲದ ಪ್ರೀತಿ ದೊರೆತಾಗ ಅವನು ಬದಲಾಗುತ್ತಾನೆ ಎಂಬ ಅವರ ನಂಬಿಕೆಯ ಹಿಂದೆ ದೇವಕೃಪೆಯ ಬೋಧನೆಯ ಮಸುಕಾದ ನೆರಳಿದೆ.

1957ರಲ್ಲಿ ರೋಜರ್ಸ್ ಒಂದು ಸಂಶೋಧನಾ ಪತ್ರಿಕೆಯಲ್ಲಿ ಚಿಕ್ಕ ಲೇಖನವನ್ನು ಪ್ರಕಟಿಸಿದರು. ಚಿಕಿತ್ಸೆಯಿಂದ ವ್ಯಕ್ತಿತ್ವದಲ್ಲಿ ಬದಲಾವಣೆ ಉಂಟಾಗಲು 'ಅಗತ್ಯವೂ ಸಾಕಷ್ಟೂ' ಆದ ಸ್ಥಿತಿಗಳು ಯಾವುವು ಎಂಬುದು ಅದರ ವಸ್ತು. ಅವರು ಆರು ಸ್ಥಿತಿಗಳನ್ನು ಹೆಸರಿಸಿದರು. ಇಬ್ಬರು ವ್ಯಕ್ತಿಗಳು ಮಾನಸಿಕ ಸಂಪರ್ಕದಲ್ಲಿರಬೇಕು. ಅವರಲ್ಲಿ ಒಬ್ಬರು ಅಂತರಂಗದ ಅಸಾಂಗತ್ಯದಿಂದ ಬಳಲುತ್ತಿರಬೇಕು. ಇನ್ನೊಬ್ಬರು, ಅಂದರೆ ಚಿಕಿತ್ಸಕರು, ತಮ್ಮೊಳಗೆ ಸುಸಂಗತರಾಗಿರಬೇಕು. ಅವರಿಗೆ ಎದುರಿನವರ ಬಗ್ಗೆ ಷರತ್ತಿಲ್ಲದ ಆದರವಿರಬೇಕು. ಅವರ ಅನುಭವವನ್ನು ಒಳಗಿನಿಂದ ಅರಿಯುವ ಸಹಾನುಭೂತಿಯಿರಬೇಕು. ಈ ಆದರ ಮತ್ತು ಅರಿವು ಸ್ವಲ್ಪಮಟ್ಟಿಗಾದರೂ ಎದುರಿನವರಿಗೆ ತಲುಪಬೇಕು. ಈ ಆರು ನೆರವೇರಿದರೆ ಬೇರೇನೂ ಬೇಕಿಲ್ಲ ಎಂಬುದು ಅವರ ಪ್ರಮೇಯ. ಪದವಿ ತರಗತಿಯ ಪಠ್ಯಗಳು ಇವುಗಳಲ್ಲಿ ಸುಸಂಗತತೆ, ಷರತ್ತಿಲ್ಲದ ಆದರ ಮತ್ತು ಸಹಾನುಭೂತಿ ಎಂಬ ಮೂರನ್ನು ಆಯ್ದು, ಸಮಾಲೋಚಕರ ಮೂಲ ಗುಣಗಳೆಂದು ಬೋಧಿಸುತ್ತವೆ. ಉಳಿದ ಮೂರು ಹಿನ್ನೆಲೆಗೆ ಸರಿಯುತ್ತವೆ. ನಮ್ಮ ವಿಮರ್ಶೆಗೆ ಹೆಚ್ಚು ಮುಖ್ಯವಾದುದು ಹಿನ್ನೆಲೆಗೆ ಸರಿದ ಆ ಮೊದಲನೆಯ ಸ್ಥಿತಿಯೇ: ಅಲ್ಲಿರುವುದು ಇಬ್ಬರು.

ಕಲಿಯಬೇಕಾದುದು

ಈ ಪ್ರಮೇಯದಲ್ಲಿ ಧರ್ಮಸಭೆಯು ಕೃತಜ್ಞತೆಯಿಂದ ಕಲಿಯಬೇಕಾದುದು ಬಹಳವಿದೆ. ವ್ಯಾಟಿಕನ್ ಎರಡನೇ ಮಹಾಸಭೆಯು 1965ರಲ್ಲಿ ಹೊರಡಿಸಿದ 'ಗೌದಿಯುಂ ಎತ್ ಸ್ಪೇಸ್' ಸಂವಿಧಾನದ 62ನೇ ಪರಿಚ್ಛೇದವು, ಪಾಲನಾ ಸೇವೆಯಲ್ಲಿ ದೈವಶಾಸ್ತ್ರದ ತತ್ವಗಳ ಜೊತೆಗೆ ಲೌಕಿಕ ಶಾಸ್ತ್ರಗಳ, ವಿಶೇಷವಾಗಿ ಮನಃಶಾಸ್ತ್ರ ಹಾಗೂ ಸಮಾಜಶಾಸ್ತ್ರದ, ಫಲಗಳನ್ನು ಬಳಸಿಕೊಳ್ಳಬೇಕೆಂದು ಆದೇಶಿಸಿತು. ಕೃಪೆಯು ಪ್ರಕೃತಿಯನ್ನು ನಾಶಮಾಡದೆ ಅದನ್ನು ಪೂರ್ಣಗೊಳಿಸುತ್ತದೆ ಎಂಬ ಸಂತ ಥಾಮಸ್ ಅಕ್ವಿನಾಸರ ಬೋಧನೆಯನ್ನು ಒಪ್ಪುವವರು ಮನುಷ್ಯಪ್ರಕೃತಿಯ ಶಾಸ್ತ್ರಕ್ಕೆ ಹೆದರಬೇಕಿಲ್ಲ.

ಮೊದಲನೆಯದಾಗಿ, ಸ್ವೀಕಾರವು ಬದಲಾವಣೆಗಿಂತ ಮುಂಚೆ ಬರುತ್ತದೆ ಎಂಬ ರೋಜರ್ಸ್ ಅವರ ಒಳನೋಟ ಶುಭಸಂದೇಶಕ್ಕೆ ಸಮ್ಮತವಾದುದು. ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಪ್ರಭುವು ಮರದ ಮೇಲಿದ್ದ ಜಕ್ಕಾಯನನ್ನು ಹೆಸರಿಡಿದು ಕರೆದು, ಅವನ ಮನೆಯಲ್ಲಿ ತಂಗುವುದಾಗಿ ಹೇಳುವರು. ಆ ಹೊತ್ತಿಗೆ ಜಕ್ಕಾಯ ಪಶ್ಚಾತ್ತಾಪದ ಒಂದು ಮಾತನ್ನೂ ಆಡಿರಲಿಲ್ಲ. ಜನರು ಗೊಣಗಿದ್ದು ಈ ಕಾರಣಕ್ಕಾಗಿಯೇ. ಮೊದಲು ತಿದ್ದಿಕೊಂಡು ಬಾ, ಆಮೇಲೆ ನಿನ್ನನ್ನು ಪ್ರೀತಿಸುತ್ತೇವೆ ಎನ್ನುವ ಪಾಲನಾ ಸೇವೆಯು ಜಕ್ಕಾಯನನ್ನು ಮರದ ಮೇಲೆಯೇ ಬಿಟ್ಟುಹೋಗುತ್ತಿತ್ತು.

ಎರಡನೆಯದಾಗಿ, ಪಾಪಪ್ರಜ್ಞೆಯೆಲ್ಲವೂ ಪಾಪದ ಪ್ರಮಾಣವಲ್ಲ ಎಂಬುದನ್ನು ಮನಃಶಾಸ್ತ್ರ ನಮಗೆ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ನಮ್ಮ ಸಂತರು ಇದನ್ನು ಅನುಭವದಿಂದ ಬಲ್ಲವರಾಗಿದ್ದರು. ಲೊಯೋಲದ ಸಂತ ಇಗ್ನೇಷಿಯಸ್ 1522ರಲ್ಲಿ ಮನ್ರೇಸಾದಲ್ಲಿದ್ದಾಗ, ಹಿಂದೆಯೇ ನಿವೇದಿಸಿದ್ದ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಬೇಕೆಂಬ ಸಂಶಯಪೀಡೆಗೆ ಸಿಲುಕಿ ಆತ್ಮಹತ್ಯೆಯ ಯೋಚನೆಯವರೆಗೂ ಹೋದರು. ಗತಕಾಲದ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿಶ್ಚಯಿಸಿದ ಮೇಲೆಯೇ ಅವರಿಗೆ ಬಿಡುಗಡೆ ದೊರೆಯಿತು. ಇಂದಿನ ಚಿಕಿತ್ಸಾಶಾಸ್ತ್ರವು ಇಂಥ ಪೀಡೆಯ ಹಲವು ಪ್ರಸಂಗಗಳನ್ನು ಗೀಳು ರೋಗದ ಒಂದು ರೂಪವೆಂದು ಗುರುತಿಸುತ್ತದೆ. ಪದೇ ಪದೇ ನೀಡುವ ಸಾಂತ್ವನವೇ ಆ ಗೀಳನ್ನು ಬಲಪಡಿಸುತ್ತದೆ ಎಂದೂ ಎಚ್ಚರಿಸುತ್ತದೆ. ಒಂದೇ ಪಾಪವನ್ನು ವಾರಕ್ಕೆ ಮೂರು ಬಾರಿ ನಿವೇದಿಸಲು ಬರುವ ವಿಶ್ವಾಸಿಗೆ ಮೂರು ಬಾರಿಯೂ ಧೈರ್ಯ ಹೇಳಿ ಕಳುಹಿಸುವ ಗುರು, ಸದುದ್ದೇಶದಿಂದಲೇ, ಆ ವ್ಯಾಧಿಗೆ ಮೇವು ಹಾಕುತ್ತಿರಬಹುದು. ಖಿನ್ನತೆಯಿಂದ ಕುಗ್ಗಿದವರಿಗೆ ವಿಶ್ವಾಸ ಸಾಲದೆಂದು ಹೇಳಿ ಇನ್ನಷ್ಟು ಪ್ರಾರ್ಥನೆಯನ್ನು ವಿಧಿಸುವ ನಮ್ಮ ಹಳೆಯ ವಾಡಿಕೆಗೂ ಇದೇ ತಿದ್ದುಪಡಿ ಬೇಕಾಗಿದೆ. ಈ ಎರಡು ಪಾಠಗಳಿಗಾಗಿಯೇ ಆದರೂ, ಮನಃಶಾಸ್ತ್ರವನ್ನು ಓದಿ ಬಂದ ಅಭ್ಯರ್ಥಿಯನ್ನು ಗುರುಮಠವು ಸಂತೋಷದಿಂದ ಬರಮಾಡಿಕೊಳ್ಳಬೇಕು.

ಇಬ್ಬರಿರುವ ಕೋಣೆ

ಆದರೆ 'ಸಾಕಷ್ಟು' ಎಂಬ ಪದದಲ್ಲಿ ತೊಡಕಿದೆ. ಜಕ್ಕಾಯನ ಕಥೆ ಸ್ವೀಕಾರದೊಂದಿಗೆ ಮುಗಿಯುವುದಿಲ್ಲ. ಸ್ವೀಕೃತನಾದ ಜಕ್ಕಾಯ ಎದ್ದುನಿಂತು, ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ ತಾನು ಮೋಸಮಾಡಿದವರಿಗೆ ನಾಲ್ಕುಪಟ್ಟು ಹಿಂದಿರುಗಿಸುವುದಾಗಿಯೂ ಘೋಷಿಸುತ್ತಾನೆ. ಆ ಮನೆಗೆ ರಕ್ಷಣೆ ಬಂದಿತೆಂದು ಪ್ರಭು ಸಾರುವುದು ಈ ಮಾತಿನ ನಂತರವೇ. ಆ ಮನೆಯೊಳಗೆ ಪ್ರಭುವೂ ಜಕ್ಕಾಯನೂ ಮಾತ್ರ ಇದ್ದರೆಂದು ತಿಳಿದರೆ ಕಥೆ ಅರ್ಥವಾಗದು. ಸುಂಕದವನಿಂದ ಸುಲಿಗೆಗೊಳಗಾದ ಜೆರಿಕೊವಿನ ಬಡವರು, ಕಣ್ಣಿಗೆ ಕಾಣದಿದ್ದರೂ, ಆ ಸಂಭಾಷಣೆಯಲ್ಲಿ ಮೂರನೆಯ ಪಕ್ಷವಾಗಿ ಉಪಸ್ಥಿತರಾಗಿದ್ದಾರೆ.

ರೋಜರ್ಸ್ ಅವರ ಆರು ಸ್ಥಿತಿಗಳಲ್ಲಿ ಈ ಮೂರನೆಯವರಿಗೆ ಸ್ಥಳವಿಲ್ಲ. ಎದುರಿಗಿರುವವನಿಂದ ಅನ್ಯಾಯಕ್ಕೊಳಗಾದ ಹೆಂಡತಿ, ಮಗು, ಕೂಲಿಯಾಳು ಅಲ್ಲಿ ಅವನ ಅನುಭವದ ಒಂದು ಅಂಶವಾಗಿ ಮಾತ್ರ ಕಾಣಿಸಿಕೊಳ್ಳಬಹುದು. ಅವನಿಂದ ಏನನ್ನಾದರೂ ಕೇಳುವ ಹಕ್ಕುಳ್ಳ ವ್ಯಕ್ತಿಗಳಾಗಿ ಅಲ್ಲ. ವ್ಯಕ್ತಿಯನ್ನು ಸ್ವೀಕರಿಸುವುದೆಂದರೆ ಅವನ ಕೃತ್ಯವನ್ನು ಸಮರ್ಥಿಸುವುದಲ್ಲ ಎಂದು ರೋಜರ್ಸ್ ಅವರ ಅನುಯಾಯಿಗಳು ಉತ್ತರಿಸುತ್ತಾರೆ. ಆ ಉತ್ತರ ನ್ಯಾಯವಾದುದು. ಅದನ್ನು ಗೌರವದಿಂದ ಒಪ್ಪಿಕೊಳ್ಳಬೇಕು. ಆದರೂ ನಮ್ಮ ಪ್ರಶ್ನೆ ಅದರಿಂದ ಪರಿಹಾರವಾಗದು. ಸಮಾಲೋಚಕರು ಕೃತ್ಯವನ್ನು ಸಮರ್ಥಿಸಿದರೋ ಇಲ್ಲವೋ ಎಂಬುದಕ್ಕಿಂತ, ಆ ಕೃತ್ಯದ ಗಾಯವನ್ನು ಹೊತ್ತವರಿಗೆ ಸಲ್ಲಬೇಕಾದುದು ಏನು ಎಂಬುದು ಇಲ್ಲಿನ ಪ್ರಶ್ನೆ.

ಇದನ್ನು ಮೊದಲೇ ಗ್ರಹಿಸಿದವರು ಯೆಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್. 1957ರ ಏಪ್ರಿಲ್ 18ರಂದು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬೂಬರ್ ಮತ್ತು ರೋಜರ್ಸ್ ಸಾರ್ವಜನಿಕವಾಗಿ ಸಂವಾದ ನಡೆಸಿದರು. ತಮ್ಮ ಚಿಕಿತ್ಸಾಕೋಣೆಯಲ್ಲಿ ನಡೆಯುವ ಭೇಟಿಯು ಬೂಬರ್ ವರ್ಣಿಸಿದ 'ನಾನು–ನೀನು' ಸಂಬಂಧಕ್ಕೆ ಹತ್ತಿರವಾದುದೆಂದು ರೋಜರ್ಸ್ ಭಾವಿಸಿದ್ದರು. ಬೂಬರ್ ಸೌಜನ್ಯದಿಂದಲೇ ಭಿನ್ನಾಭಿಪ್ರಾಯ ಸೂಚಿಸಿದರು. ಸಹಾಯ ಕೇಳಿ ಬಂದವನ ಸ್ಥಿತಿ ಮತ್ತು ಸಹಾಯಕನ ಸ್ಥಿತಿ ಸಮಾನವಲ್ಲ ಎಂದರು. ಒಬ್ಬನನ್ನು ಸ್ವೀಕರಿಸುವುದಕ್ಕೂ ಅವನು ಏನಾಗಬೇಕೆಂದು ಸೃಷ್ಟಿಯಾಗಿರುವನೋ ಅದರಲ್ಲಿ ಅವನನ್ನು ದೃಢೀಕರಿಸುವುದಕ್ಕೂ ಅಂತರವಿದೆ ಎಂದರು. ಕೆಲವೊಮ್ಮೆ ಮನುಷ್ಯನಿಗೆ ಅವನ ವಿರುದ್ಧವಾಗಿಯೇ ನೆರವಾಗಬೇಕಾಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಮನೋವೈದ್ಯರ ಮುಂದೆ ನೀಡಿದ ಉಪನ್ಯಾಸವೊಂದರಲ್ಲಿ ಬೂಬರ್ ಅಪರಾಧಭಾವವನ್ನೂ ಅಪರಾಧವನ್ನೂ ಬೇರ್ಪಡಿಸಿದರು. ಅಪರಾಧಭಾವವನ್ನು ಚಿಕಿತ್ಸೆಯಿಂದ ತೆಗೆದುಹಾಕಬಹುದು. ಆದರೆ ಒಬ್ಬನು ಮಾನವ ಸಂಬಂಧಗಳ ವ್ಯವಸ್ಥೆಗೇ ಹಾನಿಮಾಡಿದ್ದರೆ ಆ ಹಾನಿಯು ಅವನ ಮನಸ್ಸಿನಲ್ಲಿಲ್ಲ, ಲೋಕದಲ್ಲಿದೆ. ತನ್ನ ಅಪರಾಧವನ್ನು ತಾನೇ ಬೆಳಕಿಗೆ ತಂದುಕೊಂಡು, ಆ ಅರಿವಿನಲ್ಲಿ ನಿಂತು, ಹಾನಿಯಾದಲ್ಲಿ ಸಂಧಾನ ಮಾಡಿಕೊಳ್ಳುವುದು ಅವನ ಮುಂದಿರುವ ದಾರಿ ಎಂದು ಅವರು ಬೋಧಿಸಿದರು.

ಮನಃಶಾಸ್ತ್ರದ ಒಳಗಿನಿಂದಲೂ ಇಂಥ ದನಿಗಳು ಎದ್ದಿವೆ. ಅಮೆರಿಕನ್ ಮನಃಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದ ಹೋಬಾರ್ಟ್ ಮೌರರ್ 1961ರ ತಮ್ಮ ಗ್ರಂಥದಲ್ಲಿಯೂ, ಮನೋವೈದ್ಯ ಕಾರ್ಲ್ ಮೆನಿಂಜರ್ 1973ರ ತಮ್ಮ ಗ್ರಂಥದಲ್ಲಿಯೂ, ಪಾಪವೆಂಬ ಪರಿಕಲ್ಪನೆಯನ್ನು ಕೈಬಿಟ್ಟದ್ದರಿಂದ ಮನುಷ್ಯನ ಹೊಣೆಗಾರಿಕೆಗೆ ಆದ ನಷ್ಟವನ್ನು ಪ್ರಶ್ನಿಸಿದರು. ದೈವಶಾಸ್ತ್ರಜ್ಞರಲ್ಲಿ ಮೆಥೊಡಿಸ್ಟ್ ಪಂಥದ ಥಾಮಸ್ ಓಡೆನ್ 1966ರಲ್ಲಿ ಬೇರೊಂದು ವಾದವನ್ನು ಮಂಡಿಸಿದರು: ಸಮಾಲೋಚಕರ ಸ್ವೀಕಾರಕ್ಕೆ ಅರ್ಥ ಬರುವುದು ಮನುಷ್ಯನನ್ನು ದೇವರು ಮೊದಲೇ ಸ್ವೀಕರಿಸಿರುವುದರಿಂದ, ಸಮಾಲೋಚನೆಯು ಹೆಸರಿಸದೆ ಆಧರಿಸಿರುವುದನ್ನು ಶುಭಸಂದೇಶವು ಹೆಸರಿಸಿ ಸಾರುತ್ತದೆ. ಓಡೆನ್ ಅವರ ವಾದ ಸ್ವೀಕಾರದ ಮೂಲವನ್ನು ಸರಿಯಾಗಿ ಗುರುತಿಸುತ್ತದೆ. ಆದರೆ ದೇವರು ಆ ಕೋಣೆಗೆ ಬಂದರೆಂದಾಗ, ಅನ್ಯಾಯಕ್ಕೊಳಗಾದವರ ಮೊರೆಯೂ ದೇವರೊಂದಿಗೇ ಒಳಗೆ ಬರುತ್ತದೆ. ಆಬೇಲನ ರಕ್ತದ ಕೂಗನ್ನು ನೆಲದಿಂದ ಆಲಿಸಿದ ದೇವರು ಕಾಯಿನನನ್ನು ಮಾತನಾಡಿಸುವಾಗ ಮೊದಲು ಕೇಳಿದ್ದು ಅವನ ತಮ್ಮ ಎಲ್ಲಿ ಎಂದು.

ಕರುಣೆಯೂ ಚಿಕಿತ್ಸೆಯೂ ಮರೆತ ಮಗು

ಈ ದೋಷವನ್ನು ಮನಃಶಾಸ್ತ್ರದ ಮೇಲೆ ಮಾತ್ರ ಹೊರಿಸುವುದು ಪ್ರಾಮಾಣಿಕತೆಯಾಗದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಧರ್ಮಸಭೆಯಲ್ಲಿ ನಡೆದ ಮಕ್ಕಳ ಲೈಂಗಿಕ ದೌರ್ಜನ್ಯದ ಇತಿಹಾಸ ಇದಕ್ಕೆ ಕಟುವಾದ ಸಾಕ್ಷಿ. 2004ರಲ್ಲಿ ಪ್ರಕಟವಾದ ಜಾನ್ ಜೇ ಕಾಲೇಜಿನ ವರದಿಯ ಪ್ರಕಾರ, 1950ರಿಂದ 2002ರವರೆಗಿನ ಅವಧಿಗೆ ಸಂಬಂಧಿಸಿ 4,392 ಯಾಜಕರ ವಿರುದ್ಧ 10,667 ಮಂದಿಯ ಆರೋಪಗಳು ದಾಖಲಾಗಿದ್ದವು. ಅನೇಕ ಪ್ರಸಂಗಗಳಲ್ಲಿ ಧರ್ಮಾಧ್ಯಕ್ಷರು ಆರೋಪಿತ ಯಾಜಕರನ್ನು ಒಂದು ಕಾಲಕ್ಕೆ ಪಶ್ಚಾತ್ತಾಪ ಪಡಬೇಕಾದ ಪಾಪಿಯೆಂದು, ಮತ್ತೊಂದು ಕಾಲಕ್ಕೆ ಗುಣಪಡಿಸಬೇಕಾದ ರೋಗಿಯೆಂದು ಕಂಡರು. ಮೊದಲನೆಯ ದೃಷ್ಟಿಯಲ್ಲಿ ಧ್ಯಾನಕೂಟ ಮತ್ತು ಎಚ್ಚರಿಕೆ, ಎರಡನೆಯ ದೃಷ್ಟಿಯಲ್ಲಿ ಚಿಕಿತ್ಸಾಕೇಂದ್ರ ಮತ್ತು ತಜ್ಞರ ವರದಿ ಪರಿಹಾರವಾದವು. ಅನಂತರ ಬೇರೊಂದು ಧರ್ಮಕೇಂದ್ರಕ್ಕೆ ವರ್ಗಾವಣೆ.

ಈ ಎರಡು ದೃಷ್ಟಿಗಳು ಪರಸ್ಪರ ವಿರುದ್ಧವೆಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಅವುಗಳ ರಚನೆ ಒಂದೇ. ಎರಡರಲ್ಲಿಯೂ ಕೋಣೆಯೊಳಗೆ ಇದ್ದವರು ಇಬ್ಬರೇ: ತಪ್ಪಿತಸ್ಥರು ಮತ್ತು ಅವರ ಮೇಲೆ ಕರುಣೆಯುಳ್ಳವರು. ಮಗು ಹೊರಗಿತ್ತು. ಅಗ್ಗದ ಕ್ಷಮೆ ಮತ್ತು ಅಗ್ಗದ ಸ್ವೀಕಾರ ಒಂದೇ ಬಾಗಿಲನ್ನು ಆ ಮಗುವಿನ ಮುಖಕ್ಕೆ ಮುಚ್ಚಿದವು. ಆದುದರಿಂದ ಮನಃಶಾಸ್ತ್ರಕ್ಕೆ ಪಾಪದ ಅರಿವಿಲ್ಲ, ನಮಗಿದೆ ಎಂದು ಹೆಮ್ಮೆಪಡುವ ಅಧಿಕಾರವನ್ನು ಇತಿಹಾಸ ನಮಗೆ ಬಿಟ್ಟುಕೊಟ್ಟಿಲ್ಲ. ಪಾಪದ ಅರಿವಿದ್ದವರೂ, ಪಾಪದಿಂದ ಗಾಯಗೊಂಡವರ ಅರಿವನ್ನು ಕಳೆದುಕೊಳ್ಳಬಹುದು.

ಸಮಾಜಕಾರ್ಯದ ಸಾಕ್ಷಿ

ಈ ವಿಷಯದಲ್ಲಿ ಸಮಾಜಕಾರ್ಯದ ಪರಂಪರೆ ಮನಃಶಾಸ್ತ್ರಕ್ಕಿಂತ ವಿಶಾಲವಾದ ಕಣ್ಣನ್ನು ಹೊಂದಿದೆ. ಮೇರಿ ರಿಚ್ಮಂಡ್ 1917ರಲ್ಲಿ ಪ್ರಕಟಿಸಿದ 'ಸೋಷಿಯಲ್ ಡಯಾಗ್ನೋಸಿಸ್' ಎಂಬ ಗ್ರಂಥವು, ಸಹಾಯ ಕೇಳಿ ಬಂದವರ ಮಾತಿನ ಜೊತೆಗೆ ಮನೆಯವರು, ನೆರೆಹೊರೆಯವರು, ಶಾಲೆ, ವೈದ್ಯರು, ಕೆಲಸ ಕೊಟ್ಟವರು ಹೀಗೆ ಹಲವು ಮೂಲಗಳಿಂದ ಪರಿಸ್ಥಿತಿಯನ್ನು ಅರಿಯಬೇಕೆಂದು ಬೋಧಿಸಿತು. ಮುಂಬಯಿಯಲ್ಲಿ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್ಸ್‌ಹಾರ್ಟ್ ಅವರ ನೇತೃತ್ವದಲ್ಲಿ 1936ರಲ್ಲಿ ಆರಂಭವಾದ ಟಾಟಾ ಸಂಸ್ಥೆಯೂ, ಕ್ರೈಸ್ತ ಧರ್ಮಭಗಿನಿಯರು 1960ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ರೋಶನಿ ನಿಲಯವೂ ಈ ವಿದ್ಯೆಯನ್ನು ನಮ್ಮ ನಾಡಿನಲ್ಲಿ ಬೆಳೆಸಿದವು. ಕ್ರೈಸ್ತ ಸೇವೆಗೂ ಸಮಾಜಕಾರ್ಯದ ಶಿಕ್ಷಣಕ್ಕೂ ಇರುವ ಈ ನಂಟು ಆಕಸ್ಮಿಕವಲ್ಲ. ಕುಡಿತಕ್ಕೆ ಬಿದ್ದ ಗಂಡನ ಕಥೆಯನ್ನು ಕೇಳುವಾಗ, ಮನೆಯಲ್ಲಿ ಮಕ್ಕಳು ಉಂಡಿದ್ದಾರೆಯೇ ಎಂದು ವಿಚಾರಿಸುವ ಸಮಾಜಕಾರ್ಯಕರ್ತೆ ಜೆರಿಕೊವಿನ ಬಡವರನ್ನು ಮರೆತಿಲ್ಲ.

ಆಪ್ತಸಮಾಲೋಚನೆಯ ಪಠ್ಯಗಳಲ್ಲಿಯೂ ಮೂರನೆಯ ವ್ಯಕ್ತಿ ತಡವಾಗಿ ಪ್ರವೇಶಿಸಿದ್ದಾರೆ, ನ್ಯಾಯಾಲಯದ ಮೂಲಕ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯೊಬ್ಬನು ತಾನು ಒಬ್ಬ ಯುವತಿಯನ್ನು ಕೊಲ್ಲುವುದಾಗಿ ತನ್ನ ಚಿಕಿತ್ಸಕರಿಗೆ ತಿಳಿಸಿದ್ದನು. ಚಿಕಿತ್ಸಕರು ವಿಶ್ವವಿದ್ಯಾಲಯದ ಪೊಲೀಸರಿಗೆ ವಿಷಯ ತಿಳಿಸಿದರು. ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟುಬಿಟ್ಟರು. ಆ ಯುವತಿಗೆ ಮಾತ್ರ ಯಾರೂ ಎಚ್ಚರಿಕೆ ನೀಡಲಿಲ್ಲ. 1969ರ ಅಕ್ಟೋಬರ್‌ನಲ್ಲಿ ಟಟಿಯಾನಾ ಟಾರಾಸಾಫ್ ಅವನಿಂದ ಹತಳಾದಳು. ಅಪಾಯದಲ್ಲಿರುವ ಮೂರನೆಯ ವ್ಯಕ್ತಿಯನ್ನು ರಕ್ಷಿಸುವ ಕರ್ತವ್ಯ ಚಿಕಿತ್ಸಕರಿಗೆ ಇದೆ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ತೀರ್ಪಿತ್ತಿತು. ಇಂದು ಮಾನವ ಸೇವೆಯ ವಿದ್ಯಾರ್ಥಿಗಳು ಈ ಪ್ರಕರಣವನ್ನು ವೃತ್ತಿನೀತಿಯ ಪಾಠದಲ್ಲಿ ಓದುತ್ತಾರೆ. ಆದರೆ ಅಲ್ಲಿ ಮೂರನೆಯವಳು ಗೌಪ್ಯತೆಯ ನಿಯಮಕ್ಕೆ ಒಂದು ಅಪವಾದವಾಗಿ ಬರುತ್ತಾಳೆ. ಸಹಾಯವೆಂದರೇನು ಎಂಬ ಮೂಲ ವ್ಯಾಖ್ಯಾನದೊಳಗೆ ಅವಳಿಗೆ ಸ್ಥಾನವಿಲ್ಲ. ದೈವಶಾಸ್ತ್ರವು ಹೇಳಬೇಕಾದುದು ಇಲ್ಲಿದೆ. ನೆರೆಯವರು ನಮಗೂ ದೇವರಿಗೂ ನಡುವಿನ ಸಂಬಂಧಕ್ಕೆ ಅಪವಾದವಾಗಿ ಬಂದವರಲ್ಲ. ಅವರಿಲ್ಲದೆ ಆ ಸಂಬಂಧವೇ ಇಲ್ಲ.

ಸಂಸ್ಕಾರದ ವ್ಯಾಕರಣ

1551ರಲ್ಲಿ ಟ್ರೆಂಟ್ ಮಹಾಸಭೆಯು ಪಾಪನಿವೇದನೆಗೆ ಬಂದವರ ಕಡೆಯಿಂದ ಆಗಬೇಕಾದ ಮೂರು ಕ್ರಿಯೆಗಳನ್ನು ಬೋಧಿಸಿತು: ಮನಸ್ತಾಪ, ನಿವೇದನೆ ಮತ್ತು ಪ್ರಾಯಶ್ಚಿತ್ತ. ಪ್ರಾಯಶ್ಚಿತ್ತವನ್ನು ನಾವು ಮೂರು ಸಣ್ಣ ಪ್ರಾರ್ಥನೆಗಳಿಗೆ ಇಳಿಸಿಬಿಟ್ಟಿರುವುದರಿಂದ ಅದರ ತೂಕ ನಮಗೆ ಕಾಣುತ್ತಿಲ್ಲ. ಪಾಪವಿಮೋಚನೆಯು ಪಾಪವನ್ನು ಕಳೆಯುತ್ತದೆ, ಆದರೆ ಪಾಪದಿಂದ ಉಂಟಾದ ಎಲ್ಲ ಅವ್ಯವಸ್ಥೆಯನ್ನು ಸರಿಪಡಿಸುವುದಿಲ್ಲ. ಕದ್ದುದನ್ನು ಹಿಂದಿರುಗಿಸುವುದು, ಕೆಡಿಸಿದ ಹೆಸರನ್ನು ಮರಳಿ ಕಟ್ಟಿಕೊಡುವುದು, ಗಾಯಕ್ಕೆ ಪರಿಹಾರ ನೀಡುವುದು ನ್ಯಾಯದ ಬೇಡಿಕೆ ಎಂದು ಕಥೋಲಿಕ ಧರ್ಮೋಪದೇಶದ 1459ನೇ ಪರಿಚ್ಛೇದ ತಿಳಿಸುತ್ತದೆ. ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಪ್ರಭುವು ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು, ಮೊದಲು ಸೋದರನೊಡನೆ ಸಂಧಾನ ಮಾಡಿಕೊಂಡು ಬರುವಂತೆ ಆಜ್ಞಾಪಿಸುವರು. ದೂರಿರುವ ಸೋದರನು ಅಲ್ಲಿಯೂ ಮೂರನೆಯ ವ್ಯಕ್ತಿ. ಅವನಿಗಾಗಿ ಆರಾಧನೆಯೇ ಕಾಯುತ್ತದೆ.

ಸ್ವೀಕಾರ ಮತ್ತು ಕ್ಷಮೆಯ ವ್ಯತ್ಯಾಸ ಈಗ ಸ್ಪಷ್ಟವಾಗುತ್ತದೆ. ಸ್ವೀಕಾರವು ವ್ಯಕ್ತಿಗೆ ಸಲ್ಲುತ್ತದೆ. ಅದಕ್ಕೆ ಷರತ್ತು ಬೇಡ. ಕ್ಷಮೆಯು ಕೃತ್ಯವನ್ನು ಅದರ ಹೆಸರಿನಿಂದ ಕರೆದು, ಅದನ್ನು ಅನ್ಯಾಯವೆಂದು ಒಪ್ಪಿ, ಅದರ ಬಂಧನದಿಂದ ವ್ಯಕ್ತಿಯನ್ನು ಬಿಡಿಸುತ್ತದೆ. ಬಿಡುಗಡೆಗೊಂಡವನನ್ನು ನೆರೆಯವರ ಮನೆಬಾಗಿಲಿಗೆ ಕಳುಹಿಸುತ್ತದೆ. ಕ್ಷಮೆಯಿಲ್ಲದ ಸ್ವೀಕಾರವು ಮನುಷ್ಯನನ್ನು ಅವನ ಕೃತ್ಯದೊಂದಿಗೆ ಒಂಟಿಯಾಗಿ ಬಿಡುತ್ತದೆ. ಸ್ವೀಕಾರವಿಲ್ಲದ ಕ್ಷಮೆಯು ಕಛೇರಿಯ ಮುದ್ರೆಯಂತೆ ತಣ್ಣಗಿರುತ್ತದೆ. ಗುರುವು ಎರಡನ್ನೂ ಬಲ್ಲವರಾಗಿರಬೇಕು.

ಗುರುಮಠದಲ್ಲಿ ಆಗಬೇಕಾದುದು

ಈ ವಿಮರ್ಶೆಯಿಂದ ಮೂರು ಪ್ರಾಯೋಗಿಕ ನಿರ್ಣಯಗಳು ಹೊರಡುತ್ತವೆ. ಮೊದಲನೆಯದು ತನ್ನ ಮಿತಿಯ ಅರಿವು. ಪದವಿ ತರಗತಿಯ ಶಿಕ್ಷಣವು ಗುರುವನ್ನು ಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ಭಾರತದಲ್ಲಿ ಚಿಕಿತ್ಸಾ ಮನಃಶಾಸ್ತ್ರಜ್ಞರಾಗಿ ಕೆಲಸ ಮಾಡಲು ಸ್ನಾತಕೋತ್ತರ ಮಟ್ಟದ ವಿಶೇಷ ತರಬೇತಿಯೂ ನೋಂದಣಿಯೂ ಬೇಕು. ಕಥೋಲಿಕ ಶಿಕ್ಷಣ ಪರಿಷತ್ತು 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಗುರುಮಠದ ತರಬೇತುದಾರರು ವಿಶೇಷ ಮನೋವೈಜ್ಞಾನಿಕ ತಂತ್ರಗಳನ್ನು ತಾವೇ ಬಳಸಬಾರದೆಂದು ಎಚ್ಚರಿಸಿದೆ. ತಜ್ಞರ ನೆರವು ಪಡೆಯುವಾಗ ಅಭ್ಯರ್ಥಿಯ ಮುಕ್ತ ಸಮ್ಮತಿ ಅಗತ್ಯವೆಂದಿದೆ. ಧರ್ಮಕೇಂದ್ರದ ಗುರುವಿಗೂ ಅದೇ ವಿವೇಕ ಅನ್ವಯಿಸುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416, ಮಹಿಳೆಯರ 181, ಮಕ್ಕಳ 1098 ಈ ಸಂಖ್ಯೆಗಳು ದೇವಾಲಯದ ಸೂಚನಾಫಲಕದಲ್ಲಿ ಪೂಜಾಸಮಯದ ಪಕ್ಕದಲ್ಲಿಯೇ ಇರಲಿ.

ಎರಡನೆಯದು, ಪಾಪನಿವೇದನೆಯ ಪೀಠವನ್ನೂ ಸಮಾಲೋಚನೆಯ ಕುರ್ಚಿಯನ್ನೂ ಬೆರೆಸದಿರುವುದು. ಧರ್ಮಸಭೆಯ ಕಾನೂನು ಸಂಹಿತೆಯ 983ನೇ ಕಾನೂನಿನಂತೆ ಪಾಪನಿವೇದನೆಯ ಗೌಪ್ಯ ಅಭೇದ್ಯ. ತಪ್ಪೊಪ್ಪಿಕೊಂಡವರು ಪೊಲೀಸರಿಗೆ ಶರಣಾಗಬೇಕೆಂಬುದನ್ನು ಪಾಪವಿಮೋಚನೆಯ ಷರತ್ತನ್ನಾಗಿ ವಿಧಿಸುವಂತಿಲ್ಲ ಎಂದು 2019ರಲ್ಲಿ ರೋಮಿನ ಪ್ರೇಷಿತ ಪ್ರಾಯಶ್ಚಿತ್ತ ನ್ಯಾಯಪೀಠವು ಸ್ಪಷ್ಟಪಡಿಸಿತು. ದೌರ್ಜನ್ಯಕ್ಕೊಳಗಾದವರೇ ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಂಡರೆ, ಅವರ ಹಕ್ಕುಗಳನ್ನೂ ದೂರು ನೀಡುವ ಮಾರ್ಗಗಳನ್ನೂ ಅವರಿಗೆ ತಿಳಿಸುವುದು ಗುರುವಿನ ಕರ್ತವ್ಯವೆಂದೂ ಹೇಳಿತು. ಸಮಾಲೋಚನೆಯಲ್ಲಿ ಕೇಳಿದ ಮಾತಿಗೆ ಈ ಮುದ್ರೆಯಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ, ಮಗುವಿನ ಮೇಲಿನ ಲೈಂಗಿಕ ಅಪರಾಧದ ಮಾಹಿತಿ ಉಳ್ಳ ಯಾವುದೇ ವ್ಯಕ್ತಿ ಪೊಲೀಸರಿಗೆ ವರದಿ ಮಾಡಬೇಕು. ಒಂದೇ ಕುರ್ಚಿಯಲ್ಲಿ ಕುಳಿತು, ಒಂದೇ ಸಂಭಾಷಣೆಯನ್ನು ಅರ್ಧ ಸಂಸ್ಕಾರವೆಂದೂ ಅರ್ಧ ಸಮಾಲೋಚನೆಯೆಂದೂ ನಡೆಸುವ ಗುರು ಸಂಸ್ಕಾರದ ಪಾವಿತ್ರ್ಯವನ್ನೂ ಮಗುವಿನ ರಕ್ಷಣೆಯನ್ನೂ ಏಕಕಾಲಕ್ಕೆ ಗಂಡಾಂತರಕ್ಕೆ ಒಡ್ಡುತ್ತಾರೆ.

ಮೂರನೆಯದು ಓದಿನ ಕ್ರಮ. ಮನಃಶಾಸ್ತ್ರವನ್ನು ಓದಿ ಬಂದ ಅಭ್ಯರ್ಥಿಗೆ ಅದನ್ನು ಮರೆಯಲು ಹೇಳಬಾರದು. ರೋಜರ್ಸ್ ಅವರ 1957ರ ಲೇಖನವನ್ನು ಅದೇ ವರ್ಷದ ಬೂಬರ್ ಸಂವಾದದೊಂದಿಗೂ, ಇವೆರಡನ್ನೂ ಲೂಕನ 19ನೇ ಅಧ್ಯಾಯದೊಂದಿಗೂ ಇಟ್ಟು ಓದಿಸಬೇಕು. ಕ್ಷೇತ್ರಕಾರ್ಯದ ಬಳಿಕ ಬರೆಯುವ ಪ್ರತಿಯೊಂದು ಸಂಭಾಷಣಾ ವರದಿಯ ಕೊನೆಯಲ್ಲಿ ಒಂದು ಪ್ರಶ್ನೆಗೆ ಅವರು ಉತ್ತರಿಸಲಿ: ಈ ಮಾತುಕತೆಯಲ್ಲಿ ಗೈರುಹಾಜರಾಗಿದ್ದವರು ಯಾರು, ಅವರಿಗೆ ಸಲ್ಲಬೇಕಾದುದೇನು? ಹೆಸರು, ಗುರುತುಗಳನ್ನು ಮರೆಮಾಡಿ ಬರೆಯುವ ಶಿಸ್ತು ಇದ್ದೇ ಇರಬೇಕು. ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕಗಳಿಲ್ಲದಿದ್ದರೂ ಚಿಂತೆಯಿಲ್ಲ. ಮುಂದೊಂದು ದಿನ ಕುಡಿದು ಹೆಂಡತಿಯನ್ನು ಹೊಡೆದವನೊಬ್ಬನು ಅತ್ತುಕೊಂಡು ಗುರುನಿವಾಸದ ಬಾಗಿಲಿಗೆ ಬಂದಾಗ, ಆ ಗುರುವು ಅವನನ್ನು ಪ್ರೀತಿಯಿಂದ ಒಳಗೆ ಕರೆದು ಕೂರಿಸಿ, ಅವನ ಮಾತನ್ನು ಕೊನೆಯವರೆಗೂ ಕೇಳಿ, ಬಳಿಕ ಅವನ ಹೆಂಡತಿ ಈಗ ಎಲ್ಲಿದ್ದಾಳೆ, ಸುರಕ್ಷಿತವಾಗಿದ್ದಾಳೆಯೇ ಎಂದು ವಿಚಾರಿಸಲು ಕಲಿತಿದ್ದರೆ ಅಷ್ಟು ಸಾಕು.